ಹಾಲು ಕರೆಯುವ ಹೊತ್ತು

ಪೋಸ್ಟರಿನಲ್ಲಿ ನಮ್ಮದು ಕೊನೆಯ ಹೆಸರು,
ಸೂಪಿನ ಬೆಲೆಗಿಂತ ಒಂದು ಗೆರೆ ಮೇಲೆ.
ರೋಸ್ತೆ. ಅಂದರೆ ತುಕ್ಕು.
ತುಕ್ಕು ತಿಂದ ಹಾಗೆ ಅದರಲ್ಲೂ ಒಂದಕ್ಷರ ಉದುರಿದೆ.

ಲಾಟ್ವಿಯಾದ ಗಡಿಗೆ ಇಲ್ಲಿಂದ ಹನ್ನೊಂದು ಕಿಲೋಮೀಟರು.
ವೇದಿಕೆಯೆಂದರೆ ಹುಲ್ಲು ಹೊರುವ ಟ್ರೈಲರು;
ಬೆಳಿಗ್ಗೆ ತೊಳೆದಿದ್ದಾರಂತೆ,
ಹಲಗೆಯ ಸಂದಿಯಲ್ಲಿ ಹೋದ ವರ್ಷದ ಹುಲ್ಲು ಇನ್ನೂ ಇದೆ.
ಗಾಲಿಗೆ ಎರಡು ಕಲ್ಲು ಅಡ್ಡ ಕೊಟ್ಟು
"ಜಾಸ್ತಿ ಕುಣೀಬೇಡಿ" ಅಂದ ಐವಾರ್,
ಈ ಹೊಲದ, ಈ ಹಬ್ಬದ, ಅಗೋ ಆ ಎಂಬತ್ತು ಹಸುಗಳ ಯಜಮಾನ.

ಉಕು ಶ್ರುತಿ ಮಾಡಿದ ಗಿಟಾರನ್ನೇ ಮತ್ತೆ ಶ್ರುತಿ ಮಾಡುತ್ತಾನೆ.
ಕೆರ್ತು ವ್ಯಾನಿನ ಹಿಂದೆ ಎರಡು ಸಲ ಕಾರಿಕೊಂಡು
ಬಾಯಿ ಮುಕ್ಕಳಿಸಿ ಬಂದು ನಗುತ್ತಾಳೆ.
ಡ್ರಮ್ಮು ಜಾರದಿರಲೆಂದು ತಾವೆಟ್ ಕೆಳಗೆ ಹಾಸಿರುವುದು
ಅಜ್ಜಿ ನೇಯ್ದ ಜಮಖಾನ. ಕೇಳಿ ತಂದದ್ದಲ್ಲ.
ಅಜ್ಜಿ ಮುಂದಿನ ಸಾಲಿನಲ್ಲೇ ಮಡಚುವ ಕುರ್ಚಿ ಹಾಕಿ ಕೂತಿದ್ದಾಳೆ,
ಕಣ್ಣು ಮೊಮ್ಮಗನ ಮೇಲಿಲ್ಲ.

ನಾನು ಬೇಸ್ ನುಡಿಸುವವಳು.
ಸಾರಿನಲ್ಲಿ ಉಪ್ಪಿದ್ದ ಹಾಗೆ.
ಇದ್ದಾಗ ಯಾರೂ ಹೆಸರೆತ್ತುವುದಿಲ್ಲ.

ಎಸ್ಟೋನಿಯಾದ ಜೂನು ಹಟಮಾರಿ ಕೂಸು,
ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ.
ಬಣ್ಣದ ದೀಪ ಬಾಡಿಗೆಗೆ ತಂದ ಹುಡುಗ
ಹಾಡುಹಗಲಲ್ಲಿ ಕೆಂಪು ಹಚ್ಚಿ, ನೀಲಿ ಹಚ್ಚಿ
ತಾನೇ ಬಗ್ಗಿ ನೋಡುತ್ತಾನೆ, ಹತ್ತಿತೋ ಇಲ್ಲವೋ.

ಮಂದಿ ನಲವತ್ತು. ನಾಯಿಗಳೂ ಸೇರಿ ನಲವತ್ತಮೂರು.
ನಾಲ್ಕು ನಿಮಿಷದ ಮೊದಲ ಹಾಡು ಗಾಬರಿಗೆ ಮೂರೇ ನಿಮಿಷದಲ್ಲಿ ಮುಗಿಯಿತು.
ಅಲ್ಲೊಂದು ಇಲ್ಲೊಂದು ಚಟಾರೆಂದಿತು,
ಚಪ್ಪಾಳೆಯೋ, ಸೊಳ್ಳೆ ಹೊಡೆದದ್ದೋ.
ಎರಡನೆಯದರಲ್ಲಿ ತಿರುವು ತಪ್ಪಿದೆ ನಾನು.
ಮೂರನೆಯದು ನಮ್ಮದೇ:
ಬಸ್ಸು ಬರುವುದು ನಿಂತ ಮೇಲೂ ಉಳಿದ ತಂಗುದಾಣದ ಬಗ್ಗೆ
ಕೆರ್ತು ಬರೆದದ್ದು.
ಚಳಿಗಾಲವಿಡೀ ಆಲೂಗಡ್ಡೆಯ ನೆಲಮಾಳಿಗೆಯಲ್ಲಿ
ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟು ಕಲಿತದ್ದು.
ಆ ದೊಡ್ಡ ಸಾಲಿಗೆ ಅವಳು ಬಾಯಿ ತೆರೆದಳು

ಕರೆಂಟು ಹೋಯಿತು.

ಇದೆಯೆಂದು ಕಾಲಿಟ್ಟ ಮೆಟ್ಟಿಲು ಇಲ್ಲದ ಹಾಗೆ.
ಐವಾರ್ ಕೈ ಒರೆಸಿಕೊಳ್ಳುತ್ತ ಓಡಿ ಬಂದ:
"ಆರು ಗಂಟೆ. ಹಾಲು ಕರೆಯೋ ಮಿಷನ್ನು. ಇರೋದೊಂದೇ ಲೈನು.
ಹಸುವಿನ ಕೆಚ್ಚಲಿಗೆ ಹಬ್ಬ ಗಿಬ್ಬ ತಿಳಿಯೋಲ್ಲ.
ಮುಕ್ಕಾಲು ಗಂಟೆ, ಅಷ್ಟೆ."

ಸೂಪಿನ ಕಡೆ ಹೊರಟರು ಅರ್ಧ ಜನ.
ಕೊಟ್ಟಿಗೆಯಿಂದ ಬರತೊಡಗಿತು
ಚುಕ್, ಹುಸ್, ಚುಕ್, ಹುಸ್.
ತಾವೆಟ್ ಕತ್ತು ವಾಲಿಸಿ ಕೇಳಿದ.
ಡ್ರಮ್ಮಿನ ಅಂಚಿಗೆ ಕಡ್ಡಿ ತಾಗಿಸಿದ. ಹಿಡಿದುಕೊಂಡ.
ನಮ್ಮ ಹಾಡಿಗಿಂತ ಎಷ್ಟೋ ನಿಧಾನ ಅದು,
ಮೆಲುಕು ಹಾಕುವ ನಿಧಾನ.
ಕೆರ್ತು ಮೈಕನ್ನು ನೆಲಕ್ಕಿಟ್ಟು ಆ ನಡಿಗೆಗೇ ಹಾಡಿದಳು.
ಎಂಟು ತಿಂಗಳಲ್ಲಿ ನನಗೆ ಮೊದಲ ಬಾರಿ
ಪದಗಳು ಕೇಳಿಸಿದವು:
ಬೆಂಚಿನ ಮೇಲೆ ಯಾರದೋ ಛತ್ರಿ ಇದೆಯಂತೆ ಆ ಹಾಡಿನಲ್ಲಿ.
ಉಕುವಿನ ತಂತಿ ಬೆಂಕಿಪೊಟ್ಟಣದೊಳಗಿನ ನೊಣ.
ನನ್ನದು ಯಾರಿಗೂ ಕೇಳದು,
ಪಕ್ಕೆಲುಬಿಗೆ ಒತ್ತಿಕೊಂಡೆ, ಅಲ್ಲಿ ಕೇಳಿತು.
ಒಂದಿಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.
"ಮುಗೀತಾ?" ಅಂತ ಒಂದು ಮಗು ಗಟ್ಟಿಯಾಗಿ ಕೇಳಿತು.

ಆಮೇಲೆ ಕರೆಂಟು ಬಂತು, ಸ್ಪೀಕರು ಅರಚಿತು,
ನಾಯಿಗಳು ಬಾಲ ಮುದುಡಿ ಓಡಿದವು, ಊರೆಲ್ಲ ನಕ್ಕಿತು.
ಉಳಿದ ಹಾಡುಗಳನ್ನು ಜೋರಾಗಿಯೇ ನುಡಿಸಿದೆವು.

ಸಂಭಾವನೆ: ಪೆಟ್ರೋಲಿನ ದುಡ್ಡು, ಐದು ಲೀಟರು ನೊರೆಹಾಲು.
ಬೆಳ್ಳನೆಯ ನಡುರಾತ್ರಿಯಲ್ಲಿ ವ್ಯಾನು ಕುಲುಕುವಾಗ
ಕ್ಯಾನು ನನ್ನ ಮೊಣಕಾಲ ನಡುವೆ, ಬೆಚ್ಚಗೆ.
ಜಮಖಾನ ಅಜ್ಜಿಯ ಮಡಿಲಲ್ಲಿ.
"ನಡುವೆ ಸ್ವಲ್ಪ ಹೊತ್ತು ಪರವಾಗಿಲ್ಲ" ಅಂದಳು,
ಮತ್ತೆ ಕಲೆ ಹುಡುಕತೊಡಗಿದಳು.

ಮರುವಾರ ಉಕು ಸಾಲ ಮಾಡಿ ಒಂದು ಜನರೇಟರು ಕೊಂಡ,
ಇನ್ನೆಂದೂ ಹಾಗಾಗಬಾರದೆಂದು.
ಒಳ್ಳೆಯದಾಯಿತು ಅಂದೆವು ನಾವು, ಮೂವರೂ,
ಒಬ್ಬರ ಮುಖ ಒಬ್ಬರು ನೋಡದೆ.